ಬೆಟ್ಟದ ದಾದಿಯರು ಕಲಿಸುವ ನಾಯಕತ್ವ

ಬೆಂಗಳೂರಿನ ಕಚೇರಿಗಳಲ್ಲಿ ನಾಯಕತ್ವದ ತರಬೇತಿಗೆ ಬರವಿಲ್ಲ. ಎರಡು ದಿನಗಳ ಶಿಬಿರ, ಕೊನೆಗೊಂದು ಪ್ರಮಾಣಪತ್ರ. ಮರುದಿನ ಅದೇ ಮೇಜು, ಅದೇ ಮೇಲಧಿಕಾರಿ. ವೃತ್ತಿಯಲ್ಲಿ ಬೆಳೆಯುವುದೆಂದರೆ ಮೇಲಿನ ಕುರ್ಚಿಗೆ ಏರುವುದು ಎಂದೇ ನಾವು ನಂಬಿದ್ದೇವೆ. ಯಳಂದೂರು ತಾಲ್ಲೂಕಿನ ಅನುಭವ ಬೇರೆಯದನ್ನೇ ಹೇಳುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆಸಿದ ವೈದ್ಯ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ತಾಲ್ಲೂಕನ್ನು ಕಾಡುತ್ತಿದ್ದ ಕುಷ್ಠರೋಗವನ್ನು ಎದುರಿಸಲು 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರ 1996ರಲ್ಲಿ ಈ ಟ್ರಸ್ಟ್‌ಗೆ ವಹಿಸಿತು. 1994ರ ರೈಟ್ ಲೈವ್‌ಲಿಹುಡ್ ಪ್ರಶಸ್ತಿಯೂ 2000ದ ಪದ್ಮಶ್ರೀಯೂ ಸುದರ್ಶನ್ ಅವರಿಗೆ ಸಂದಿವೆ. ಅವುಗಳಿಗಿಂತ ಗಮನಾರ್ಹವಾದುದು ಇನ್ನೊಂದು: ಸೋಲಿಗರ ಹೆಣ್ಣುಮಕ್ಕಳೇ ದಾದಿಯರಾಗಿ ತರಬೇತಿ ಪಡೆದರು. ಹೊರಗಿನಿಂದ ಬಂದ ವೈದ್ಯ ತಾನೊಬ್ಬನೇ ಅನಿವಾರ್ಯನಾಗಿ ಉಳಿಯಬಹುದಿತ್ತು. ಅದು ಸುಲಭವೂ ಹೌದು, ಕೀರ್ತಿಕರವೂ ಹೌದು.

ನಮ್ಮ ವ್ಯವಸ್ಥಾಪಕರು ಮಾಡುವುದು ಬಹುಮಟ್ಟಿಗೆ ಇದನ್ನೇ. ಕಿರಿಯರಿಗೆ ಹೊಣೆ ಹೊರಿಸುತ್ತಾರೆ, ನಿರ್ಧಾರವನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಸಹಿಗಾಗಿ ಕಡತ ಕಾಯುತ್ತದೆ. ರಜೆಯಲ್ಲಿದ್ದಾಗಲೂ ಕಚೇರಿಯಿಂದ ಕರೆ ಬಂದರೆ ಒಳಗೊಳಗೇ ಹಿಗ್ಗುವವರು ಎಷ್ಟು ಮಂದಿ! ಈ ವರ್ಷ ತಾನು ಯಾವ ಕೆಲಸವನ್ನು ಅಧಿಕಾರಸಮೇತ ಇನ್ನೊಬ್ಬರಿಗೆ ಬಿಟ್ಟುಕೊಟ್ಟೆ ಎಂಬ ಪ್ರಶ್ನೆ ವಾರ್ಷಿಕ ಮೌಲ್ಯಮಾಪನದ ನಮೂನೆಯಲ್ಲಿ ಇರಬೇಕು.

ಆಕ್ಷೇಪವೂ ಇದೆ. ಸೇವಾ ಸಂಸ್ಥೆಯ ಆದರ್ಶವನ್ನು ಸಂಬಳದ ಕಚೇರಿಗೆ ಹೊಂದಿಸುವುದು ಕಷ್ಟ. ಕಿರಿಯನನ್ನು ಬೆಳೆಸಿದವನ ಕುರ್ಚಿಯೇ ಅಲುಗಾಡುವ ಕಡೆ ಆ ಭಯ ನಿಜವಾದದ್ದು. ಹಾಗಿರುವಾಗ ಬದಲಾಗಬೇಕಾದುದು ವ್ಯವಸ್ಥಾಪಕನ ಸ್ವಭಾವಕ್ಕಿಂತ ಮೊದಲು ಬಡ್ತಿಯ ನಿಯಮ.