ಕಲಿಯಲಿಲ್ಲವೆಂಬ ಕೊರಗೇಕೆ?



ಅರಿಸಿನ-ಕುಂಕುಮಕ್ಕೆಂದು ನಾಲ್ಕು ಜನ ಸೇರಿದಾಗ "ಒಂದು ಹಾಡು ಹೇಳ್ರೀ" ಎಂದರೆ ನೀವೇನು ಮಾಡುತ್ತೀರಿ? "ಅಯ್ಯೋ, ನಾನೆಲ್ಲಿ ಸಂಗೀತ ಕಲ್ತಿದ್ದೀನಿ!" ಎಂದು ಹಿಂದೆ ಸರಿಯುತ್ತೀರಿ, ಅಲ್ಲವೇ? ರೊಟ್ಟಿ ತಟ್ಟುವಾಗ ಸೊಗಸಾಗಿ ಗುನುಗುವ ಬಾಯಿ ನಾಲ್ಕು ಜನರೆದುರು ಕಟ್ಟಿಹೋಗುತ್ತದೆ. ನಮ್ಮ ಹಿರೇನಲ್ಲೂರಿನಂಥ ಊರಿನಿಂದ ಪಾಠಕ್ಕೆಂದು ಕಡೂರಿಗೋ ಬೀರೂರಿಗೋ ದಿನಾ ಓಡಾಡಲು ಎಷ್ಟು ಹೆಣ್ಣುಮಕ್ಕಳಿಗೆ ಸಾಧ್ಯ, ಹೇಳಿ? ಹಾಗೆ ಉಳಿದುಹೋದ ಕೊರಗು ಇದು.

ಈ ಕೊರಗಿರುವವರಿಗೆ ಒಬ್ಬರ ಕಥೆ ಹೇಳಬೇಕು. ಅವರ ದನಿ ಕೇಳದ ಮನೆಯೇ ನಮ್ಮಲ್ಲಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ!

1946ರಲ್ಲಿ ಹುಟ್ಟಿದ ಬಾಲು ಅವರ ಮನೆಮಾತು ತೆಲುಗು. ತಂದೆ ಸಾಂಬಮೂರ್ತಿಯವರು ಹರಿಕಥೆ ವಿದ್ವಾಂಸರು. ಆದರೂ ಮಗ ಕ್ರಮವಾಗಿ ಸಂಗೀತ ಪಾಠಕ್ಕೆ ಕೂರಲಿಲ್ಲ. ಕೇಳಿ ಕೇಳಿಯೇ ಕಲಿತರು, ಹಾರ್ಮೋನಿಯಂ, ಕೊಳಲುಗಳನ್ನೂ ತಾವೇ ಅಭ್ಯಾಸ ಮಾಡಿಕೊಂಡರು. ಓದಲು ಹೋಗಿದ್ದು ಇಂಜಿನಿಯರಿಂಗ್. ಮದರಾಸಿನ ಒಂದು ಸ್ಪರ್ಧೆಯಲ್ಲಿ ಅವರ ದನಿ ಕೇಳಿದ ಸಂಗೀತ ನಿರ್ದೇಶಕ ಕೋದಂಡಪಾಣಿ, 1966ರ ಡಿಸೆಂಬರಿನಲ್ಲಿ ಮೊದಲ ಸಿನಿಮಾ ಹಾಡು ಹಾಡಿಸಿದರು. ಅದಾದ ಕೆಲವೇ ದಿನಕ್ಕೆ ಕನ್ನಡವೂ ಕರೆಯಿತು: ಎಂ. ರಂಗರಾವ್ ಅವರ ಸಂಗೀತದಲ್ಲಿ 'ನಕ್ಕರೆ ಅದೇ ಸ್ವರ್ಗ'.

"ದೇವರು ಕೊಟ್ಟ ಕಂಠ, ನಮಗೆಲ್ಲಿ ಬರಬೇಕು" ಎನ್ನಬೇಡಿ. ಕಂಠ ದೇವರದೇ ಇರಬಹುದು, ದುಡಿಮೆ ಅವರದು. 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಅವರಿಗಾಗಿ ಒಂದೇ ದಿನ 21 ಹಾಡು ಹಾಡಿದರು. ಹಬ್ಬದ ದಿನ ಬೆಳಗಿನಿಂದ ರಾತ್ರಿಯವರೆಗೆ ಒಲೆ ಮುಂದೆ ನಿಲ್ಲುವ ನಮಗೆ ಗೊತ್ತಾಗುತ್ತೆ, ಅದೆಂಥ ದಣಿವು ಅಂತ.

'ಶಂಕರಾಭರಣಂ' ಚಿತ್ರ ಬಂದಾಗಲಂತೂ ಅವರೇ ಹಿಂಜರಿದರು. ಶಾಸ್ತ್ರೀಯ ಸಂಗೀತದ ಸಿನಿಮಾ, ಶಾಸ್ತ್ರೀಯವಾಗಿ ಕಲಿಯದ ಗಾಯಕ! ಸಂಗೀತ ನಿರ್ದೇಶಕ ಕೆ.ವಿ. ಮಹಾದೇವನ್ ಅವರ ಸಹಾಯಕ ಪುಗಳೇಂದಿ ಧೈರ್ಯ ತುಂಬಿ, ಹೇಳಿಕೊಟ್ಟು, ತಿದ್ದಿದರು. ಅಷ್ಟು ಹಾಡಿ ಹೆಸರಾಗಿದ್ದವರು ಶಿಷ್ಯನಂತೆ ಕೂತು ಕಲಿತರು. ಅವರ ಮೊದಲ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು. ಒಟ್ಟು ಆರು ಬಂದವು, ಅದರಲ್ಲೊಂದು ಕನ್ನಡದ್ದು. ಗದಗಿನಲ್ಲಿ ಅಂಧ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿ ಕೊಟ್ಟ ಪಂಚಾಕ್ಷರ ಗವಾಯಿಗಳ ಕುರಿತ 1995ರ ಚಿತ್ರಕ್ಕೆ. ಅದೇ ಚಿತ್ರಕ್ಕೆ ಹಂಸಲೇಖರಿಗೂ ಸಂಗೀತ ನಿರ್ದೇಶನದ ಪ್ರಶಸ್ತಿ ಬಂತು.

ಹಾಡುವುದಷ್ಟೇ ಅಲ್ಲ, 1977ರಿಂದ ರಾಗ ಸಂಯೋಜನೆಗೂ ಇಳಿದರು. ನಮ್ಮ 'ಮುದ್ದಿನ ಮಾವ' ನೆನಪಿದೆಯೇ? 1993ರ ಆ ಚಿತ್ರದಲ್ಲಿ ಮಾವನ ಪಾತ್ರವೂ ಅವರದೇ, ಸಂಗೀತವೂ ಅವರದೇ. ಅವರ ರಾಗಕ್ಕೆ ಡಾ. ರಾಜ್‌ಕುಮಾರ್ ಹಾಡಿದರು! ಮುಂದೆ 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಪುಟಾಣಿಗಳನ್ನು ಅವರು ತಿದ್ದುತ್ತಿದ್ದ ರೀತಿಯನ್ನು ಟೀವಿಯಲ್ಲಿ ನೀವೇ ನೋಡಿದ್ದೀರಿ. ತಪ್ಪು ತೋರಿಸುತ್ತಿದ್ದರು, ಮಗುವಿನ ಮುಖ ಮಾತ್ರ ಬಾಡಿಸುತ್ತಿರಲಿಲ್ಲ. 2020ರ ಸೆಪ್ಟೆಂಬರ್ 25ರಂದು ಅವರು ಹೋದಾಗ ಮನೆಯವರನ್ನೇ ಕಳೆದುಕೊಂಡಂತಾಯಿತಲ್ಲವೇ?

ಪಾಠವಾಗಲಿಲ್ಲವೆಂದು ಅವರು ಸುಮ್ಮನೆ ಕೂರಲಿಲ್ಲ. ಹೆಸರು ಬಂದಿತೆಂದು ಕಲಿಯುವುದನ್ನು ಬಿಡಲೂ ಇಲ್ಲ. ನಾವು ಹಿಡಿದುಕೊಳ್ಳಬೇಕಾದ್ದು ಇದನ್ನೇ.

ನೀವೂ ಹೀಗೆ ಮಾಡಿ. ಇಷ್ಟವಾದ ಒಂದೇ ಒಂದು ಹಾಡನ್ನು ಆರಿಸಿಕೊಳ್ಳಿ. ಪುಸ್ತಕದಲ್ಲಿ ಪೂರ್ತಿ ಬರೆದುಕೊಳ್ಳಿ. ಗೊತ್ತಿಲ್ಲದ ಪದದ ಅರ್ಥ ಕೇಳಿ ತಿಳಿಯಿರಿ. ಮೊಬೈಲಿನಲ್ಲಿ ಹತ್ತು ಸಲ ಬರೀ ಕೇಳಿ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆಂದು ಗಮನಿಸಿ, ಅಲ್ಲಿ ಗುರುತು ಹಾಕಿ. ಆಮೇಲೆ ಹಾಡಿ. ಬಲ್ಲವರೊಬ್ಬರು ಸಿಕ್ಕರೆ ನಾಚದೆ ತಿದ್ದಿಸಿಕೊಳ್ಳಿ. ಹದಿನೈದು ದಿನಕ್ಕೊಂದು ಹಾಡಾದರೂ ವರ್ಷಕ್ಕೆ ಇಪ್ಪತ್ತನಾಲ್ಕು!

ಮಗಳು ಅಪಸ್ವರದಲ್ಲಿ ಹಾಡಿದರೆ "ಸಾಕು ನಿಲ್ಸೇ" ಎಂದು ಗದರಬೇಡಿ. ನಮ್ಮ ಬಾಯಿ ಕಟ್ಟಿದ್ದೂ ಅಂಥದೇ ಒಂದು ಮಾತಿನಿಂದಲ್ಲವೇ?