ಇಂಜೆಕ್ಷನ್ ದಿನ ತಪ್ಪದಿರಲಿ, ಮಾತು ಮುಚ್ಚಿಡದಿರಲಿ

ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ನಾವು ಮದುವೆ ಮನೆಯಲ್ಲೂ ಮಾತಾಡುತ್ತೇವೆ. ಹಿರಿಯ ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರ್ ವಿಷಯ ಬಂದರೆ ಮಾತ್ರ ಪಿಸುಮಾತು. ಮೂತ್ರದ ತೊಂದರೆಯನ್ನು 'ವಯಸ್ಸಾಯ್ತಲ್ಲ' ಎಂದು ತಳ್ಳಿಹಾಕಿ, ಸೊಂಟದ ಮೂಳೆ ನೋಯತೊಡಗಿದ ಮೇಲೆ ಆಸ್ಪತ್ರೆಗೆ ಹೋಗುವವರಿದ್ದಾರೆ. ಅಷ್ಟು ಹೊತ್ತಿಗೆ ರೋಗ ಮೂಳೆಗೆ ಹರಡಿರಬಹುದು. ಹಾಗಾದರೂ ಎಲ್ಲ ಮುಗಿಯಿತೆಂದು ಕೈಚೆಲ್ಲಬೇಕಾಗಿಲ್ಲ. ಹಾರ್ಮೋನ್ ಚಿಕಿತ್ಸೆ ಪಡೆಯುತ್ತಾ ವರ್ಷಗಟ್ಟಲೆ ಬಾಳುವವರೂ ಇದ್ದಾರೆ.

ಈ ಕ್ಯಾನ್ಸರ್ ಬೆಳೆಯಲು ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರೋನ್ ಬೇಕು. ಅದನ್ನು ತಡೆದರೆ ರೋಗ ಕುಗ್ಗುತ್ತದೆ ಎಂದು ಷಿಕಾಗೋದ ಡಾ. ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ಇನ್ನೊಂದು, ವೃಷಣ ತೆಗೆಯುವ ಸಣ್ಣ ಆಪರೇಷನ್. ಒಮ್ಮೆಗೆ ಮುಗಿಯುತ್ತದೆ, ಖರ್ಚೂ ಕಡಿಮೆ. ನಾಚಿಕೆಯಿಂದ ಆಪರೇಷನ್ ಬೇಡವೆಂದು, ಆಮೇಲೆ ದುಡ್ಡು ಹೊಂದದೆ ಇಂಜೆಕ್ಷನ್ನೂ ನಿಲ್ಲಿಸಿದರೆ ಎರಡೂ ಕೈತಪ್ಪುತ್ತವೆ. ಆಯ್ಕೆ ಮಾಡುವ ಮೊದಲೇ ಎರಡರ ಲೆಕ್ಕವನ್ನೂ ಡಾಕ್ಟರ ಮುಂದೆ ಬಿಚ್ಚಿಡಿ.

ಪಿಎಸ್‌ಎ ಇಳಿಯಿತು, ನೋವು ಹೋಯಿತು ಎಂದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ರೋಗ ಬುಡಸಮೇತ ಹೋಯಿತೆಂದು ನಾವಾಗಿಯೇ ನಿಲ್ಲಿಸಬಾರದು. ಮುಂದೆ ಈ ಚಿಕಿತ್ಸೆಗೆ ರೋಗ ಬಗ್ಗದಿದ್ದರೆ ಬೇರೆ ಮಾತ್ರೆ, ಕೀಮೋ ಇವೆ.

ಸಕಲೇಶಪುರ, ಆಲೂರು ಕಡೆಯ ನಮ್ಮವರಿಗೆ ಇನ್ನೊಂದು ಕಷ್ಟ ಮಳೆಗಾಲ. ಮಕ್ಕಳು, ನೆಂಟರು ಮಂಗಳೂರಲ್ಲಿದ್ದಾರೆಂದು ಚಿಕಿತ್ಸೆಯೂ ಅಲ್ಲೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ರಸ್ತೆಯೂ ಸುಬ್ರಹ್ಮಣ್ಯದ ರೈಲು ಹಳಿಯೂ ಬಂದ್ ಆಗಿದ್ದನ್ನು ಮರೆತಿಲ್ಲ ತಾನೇ? ಘಾಟಿ ಮುಚ್ಚಿದರೆ ಇಂಜೆಕ್ಷನ್ ದಿನ ಕಾಯುವುದಿಲ್ಲ. ಜೂನ್‌ಗೆ ಮೊದಲೇ ಡಾಕ್ಟರಿಂದ ಪತ್ರ ಬರೆಸಿಕೊಂಡು, ಹಾಸನದಲ್ಲೇ ಹಾಕಿಸಿಕೊಳ್ಳಲು ಆಗುತ್ತದೆಯೇ ಎಂದು ವಿಚಾರಿಸಿಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಯಾವ ಚಿಕಿತ್ಸೆ ಅದರಡಿ ಬರುತ್ತದೆ ಎಂದು ಹಾಸನದ ಸರಕಾರಿ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಲ್ಲೋ ಕೇಳಿ.

ಇನ್ನು ಮನೆಯೊಳಗಿನ ಮಾತು. ಜಡಿಮಳೆಯ ಚಳಿಯಲ್ಲೂ ಉಪ್ಪನಿಗೆ ಒಮ್ಮೆಲೇ ಮೈಬಿಸಿಯಾಗಿ ಬೆವರು ಕಿತ್ತು ಬರಬಹುದು. ಸುಸ್ತು, ಸಿಡುಕು, ಮಂಕು ಕವಿಯಬಹುದು. ಹೊಟ್ಟೆ ಬೆಳೆದು ತೋಳು ಸೊರಗಬಹುದು, ಸಕ್ಕರೆ ಏರಬಹುದು. ದಾಂಪತ್ಯದ ಆಸೆಯೂ ಕುಗ್ಗುತ್ತದೆ. ಇದು ಔಷಧದ ಪರಿಣಾಮ. ಅವರ ಗಂಡಸುತನಕ್ಕೂ ಉಮ್ಮನ ಮೇಲಿನ ಪ್ರೀತಿಗೂ ಕುಂದಿಲ್ಲ. ಆದರೆ ಕಾರಣ ಗೊತ್ತಿಲ್ಲದ ಉಮ್ಮ, ತನ್ನದೇ ತಪ್ಪೇನೋ ಎಂದು ಒಳಗೊಳಗೇ ಕೊರಗುತ್ತಾಳೆ. ಆಸ್ಪತ್ರೆಗೆ ಮಗ ಮಾತ್ರ ಹೋಗಿ ಬಂದರೆ ಸಾಲದು. ಅವರಿಬ್ಬರನ್ನೂ ಒಟ್ಟಿಗೆ ಕೂರಿಸಿ ವಿವರಿಸುವಂತೆ ಡಾಕ್ಟರನ್ನು ಕೇಳಿಕೊಳ್ಳಿ.

ಮೂಳೆ ಸವೆಯುವುದರಿಂದ ತೋಟದ ಜಾರುದಾರಿಯಲ್ಲಿ ಬಿದ್ದರೆ ಮುರಿಯುವ ಭಯವಿದೆ. ಹಾಗೆಂದು ಮೂಲೆಯಲ್ಲಿ ಕೂರಿಸಬೇಡಿ. ದಿನಾ ಸಮತಟ್ಟಿನಲ್ಲಿ ನಡೆದಾಡಲಿ. ಕ್ಯಾಲ್ಸಿಯಂ ಮಾತ್ರೆ ಬೇಕೇ ಎಂದು ಡಾಕ್ಟರ ಬಳಿ ಕೇಳಿ. ಮೂತ್ರ ಸೋರುತ್ತದೆಂದು ಜುಮಾಕ್ಕೆ ಬರುವುದನ್ನೇ ಬಿಟ್ಟವರಿದ್ದರೆ, ಉಸ್ತಾದರ ಬಳಿ ಮರೆಮಾಚದೆ ಕೇಳಲಿ. ಇಂಥವರಿಗೆ ವುಳೂ, ನಮಾಝ್‌ನಲ್ಲಿ ರಿಯಾಯಿತಿ ಇದೆ. ರೋಗಿಗೆ ಉಪವಾಸದಲ್ಲೂ ವಿನಾಯಿತಿ ಇದೆ.

ಒಂದು ಎಚ್ಚರಿಕೆ ಮಾತ್ರ ಗೋಡೆಗೆ ಬರೆದಿಡಿ: ಬೆನ್ನುನೋವು ಏಕಾಏಕಿ ಹೆಚ್ಚಿ ಕಾಲು ಸೋತರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಬೆಳಗಾಗಲೆಂದು ಕಾಯಬೇಡಿ. ಬೆನ್ನುಹುರಿ ಒತ್ತಿದ್ದರೆ ತಡವಾದಷ್ಟೂ ಕಾಲು ಮರಳಿ ಬರುವುದು ಕಷ್ಟ. 108ಕ್ಕೆ ಕರೆ ಮಾಡಿ.

ಮಯ್ಯಿತ್‌ಗೆ ಊರೇ ಸೇರುವ ನಮ್ಮ ಜಮಾಅತ್‌ಗಳು ಬದುಕಿರುವ ರೋಗಿಗೂ ಒದಗಲಿ. ಕಾಯಿಲೆಯ ಹೆಸರು ಕೇಳುವ ಅಗತ್ಯವಿಲ್ಲ. ಯಾರಿಗೆ ಯಾವ ದಿನ ಆಸ್ಪತ್ರೆಗೆ ಹೋಗಲಿಕ್ಕಿದೆ ಎಂದು ಬರೆದಿಟ್ಟು ಆ ದಿನಕ್ಕೊಂದು ವಾಹನ ಹೊಂದಿಸಿದರೆ ಸಾಕು.