ಉಡುಗೆಯೋ, ವೇಷವೋ?

ಇಂಗ್ಲಿಷಿನ ‘ಕಾಸ್ಟ್ಯೂಮ್’ ನಾಡಿನ ಸಾಂಪ್ರದಾಯಿಕ ಉಡುಗೆಗೂ ಕೋಡಂಗಿಯ ವೇಷಕ್ಕೂ ಸಲ್ಲುವ ಪದ. ಸ್ಪ್ಯಾನಿಷ್ ಈ ಎರಡನ್ನು ಬೆರೆಸುವುದಿಲ್ಲ. ಪ್ರಾಂತೀಯ ಉಡುಗೆ ‘ತ್ರಾಹೆ’, ಕಾರ್ನಿವಲ್‌ನಲ್ಲಿ ಕಡಲ್ಗಳ್ಳನಾಗಲು ತೊಡುವುದು ‘ದಿಸ್‌ಫ್ರಾಸ್’, ನಾಟಕದವರದು ‘ವೆಸ್ತುವಾರಿಯೊ’. ವೇಷ ಹಾಕುವ ಕ್ರಿಯೆ ‘ದಿಸ್‌ಫ್ರಾಸಾರ್ಸೆ’. ಅದರಲ್ಲಿ ತನ್ನನ್ನು ಮರೆಮಾಚಿಕೊಳ್ಳುವ ಅರ್ಥವೂ ಅಡಗಿದೆ. ವಲೆನ್ಸಿಯಾದಲ್ಲಿ ಮಾರ್ಚ್ ತಿಂಗಳ ಫಾಯಾಸ್ ಹಬ್ಬಕ್ಕೆ ಹೆಣ್ಣುಮಕ್ಕಳು ತೊಡುವ ರೇಷ್ಮೆಯುಡುಗೆಯನ್ನು ‘ದಿಸ್‌ಫ್ರಾಸ್’ ಎಂದರೆ ಊರವರು ಒಪ್ಪುವುದಿಲ್ಲ.

ಕನ್ನಡದಲ್ಲೂ ಉಡುಗೆ ಬೇರೆ, ವೇಷ ಬೇರೆ. ಆದರೂ ಹೊರನಾಡಿನ ನಾವು ರಾಜ್ಯೋತ್ಸವದಂದು ಮಗಳಿಗೆ ಇಳಕಲ್ ಸೀರೆ ಉಡಿಸಿ ‘ಫ್ಯಾನ್ಸಿ ಡ್ರೆಸ್’ ಸ್ಪರ್ಧೆಗೆ ನಿಲ್ಲಿಸುತ್ತೇವೆ. ಒನಕೆ ಓಬವ್ವನ ಪಾತ್ರಕ್ಕೆ ಸ್ಪರ್ಧೆ ಇರಲಿ. ಸೀರೆಗೆ ಬೇಡ. ಅಜ್ಜಿ ದಿನವೂ ಉಟ್ಟದ್ದನ್ನು ಮೊಮ್ಮಗಳು ವೇಷವೆಂದು ಕಲಿಯಬಾರದು.